ಹೆದ್ದಾರಿಯಲ್ಲಿ ಕ್ರೂಸ್, ಘಾಟಿಯಲ್ಲಿ ರೇನ್

ಗೊತ್ತುಮಾಡಿದ ವೇಗವನ್ನು ಬೈಕೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇರುವ ಸ್ಪೋರ್ಟ್ಸ್ ಬೈಕು ಕೊಂಡವರನ್ನು ಜನ ಮೊದಲು ಕೇಳುವುದು, ನಮ್ಮ ರಸ್ತೆಗಳಲ್ಲಿ ಅದನ್ನು ಎಲ್ಲಿ ಹಾಕುತ್ತೀರಿ ಎಂದು. ಮಾತಿನಲ್ಲಿ ಸ್ವಲ್ಪ ಕೊಂಕಿದ್ದರೂ ಪ್ರಶ್ನೆ ನ್ಯಾಯವಾದದ್ದೇ. ಈ ಸೌಲಭ್ಯಕ್ಕೆ ಹೇಳಿ ಮಾಡಿಸಿದಂತಿರುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಆಟೋ, ಟ್ರ್ಯಾಕ್ಟರುಗಳ ಜೊತೆಗೆ ನಾವೂ ಸರ್ವೀಸ್ ರಸ್ತೆಯಲ್ಲೇ ಸಾಗಬೇಕು, ಅಲ್ಲಿ ಕ್ರೂಸ್ ಹಾಕುವ ಮಾತೇ ಬರುವುದಿಲ್ಲ. ಹೀಗಾಗಿ ನಾನು ಅದನ್ನು ಬಳಸುವುದು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ತುಮಕೂರು ದಾಟಿದ ಮೇಲೆ ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆಗೆ ರಸ್ತೆ ಬಿಚ್ಚಿಕೊಳ್ಳುವ ಬಯಲಿನಲ್ಲಿ. ರಸ್ತೆ, ಹವೆಗೆ ತಕ್ಕಂತೆ ಎಂಜಿನ್ನಿನ ವರ್ತನೆ ಬದಲಿಸುವ ರೈಡಿಂಗ್ ಮೋಡುಗಳು ಮಾತ್ರ ಮನೆಯ ಗೇಟು ದಾಟಿದಾಗಿನಿಂದಲೇ ಕೆಲಸಕ್ಕೆ ಬರುತ್ತವೆ.

ಇವೆರಡನ್ನೂ ಬೇರೆ ಬೇರೆ ಸೌಲಭ್ಯಗಳೆಂದು ಷೋರೂಮಿನಲ್ಲಿ ವಿವರಿಸುತ್ತಾರಾದರೂ ಎರಡಕ್ಕೂ ಮೂಲ ಒಂದೇ. ಹಿಂದಿನ ಬೈಕುಗಳಲ್ಲಿ ಬಲಗೈ ಹಿಡಿಯಿಂದ ಹೊರಟ ಕೇಬಲ್ಲು ನೇರವಾಗಿ ಕಾರ್ಬ್ಯುರೇಟರಿಗೋ ಥ್ರಾಟಲ್ ಬಾಡಿಗೋ ಹೋಗುತ್ತಿತ್ತು. ಕೈ ಎಷ್ಟು ತಿರುಗಿತೋ ಗಾಳಿಯ ಕವಾಟ ಅಷ್ಟೇ ತೆರೆಯುತ್ತಿತ್ತು. ರೈಡ್ ಬೈ ವೈರ್ ವ್ಯವಸ್ಥೆಯಲ್ಲಿ ಕೈ ಎಷ್ಟು ತಿರುಗಿದೆ ಎಂಬುದನ್ನು ಸೆನ್ಸರೊಂದು ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ, ಇಸಿಯು ತನ್ನ ಲೆಕ್ಕ ಹಾಕಿ ಸಣ್ಣ ಮೋಟಾರಿನ ಮೂಲಕ ಕವಾಟವನ್ನು ತೆರೆಯುತ್ತದೆ. ಎಂದರೆ ಸವಾರ ಕೊಡುವುದು ಅರ್ಜಿ ಮಾತ್ರ, ಮಂಜೂರು ಮಾಡುವುದು ಇಸಿಯು. ಅರ್ಜಿಯನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ನಿಯಮವೇ ರೈಡಿಂಗ್ ಮೋಡ್; ಮತ್ತೆ ಮತ್ತೆ ಅರ್ಜಿ ಕೇಳದೆ, ಒಮ್ಮೆ ಹೇಳಿಟ್ಟ ವೇಗಕ್ಕೆ ತಾನಾಗಿ ಕವಾಟವನ್ನು ಹೊಂದಿಸುತ್ತಾ ಹೋಗುವುದು ಕ್ರೂಸ್ ಕಂಟ್ರೋಲ್. ರೈಡ್ ಬೈ ವೈರ್ ನಮ್ಮಲ್ಲಿ 2017ರ ಕೆಟಿಎಂ 390 ಡ್ಯೂಕ್‌ನಲ್ಲಿ ಬಂದಾಗ ದೊಡ್ಡ ಸಂಗತಿಯೆನಿಸಿತ್ತು. 2025ರಲ್ಲಿ ಹೀರೋ ಗ್ಲಾಮರ್ ಎಕ್ಸ್ ಎಂಬ 125 ಸಿಸಿ ಬೈಕಿಗೇ ಕ್ರೂಸ್ ಕಂಟ್ರೋಲ್ ಬಂದಿರುವುದರಿಂದ ಇದಿನ್ನು ಶ್ರೀಮಂತರ ವಿಷಯವಾಗಿ ಉಳಿದಿಲ್ಲ.

ನಾನು ಓಡಿಸುವುದು ಟಿವಿಎಸ್ ಅಪಾಚೆ ಆರ್‌ಟಿಆರ್ 310. ಬೆಂಗಳೂರಿಗೆ ಕೂಗಳತೆಯ ಹೊಸೂರಿನಲ್ಲಿ ಕಾರ್ಖಾನೆಯಿರುವ ಕಂಪನಿಯ ಬೈಕು. ಬಿಎಂಡಬ್ಲ್ಯು ಜೊತೆ 2013ರಲ್ಲಿ ಆದ ಒಪ್ಪಂದದಿಂದ ಹುಟ್ಟಿದ, ಸಿಲಿಂಡರು ಹಿಂದಕ್ಕೆ ವಾಲಿರುವ 312 ಸಿಸಿ ಎಂಜಿನ್ ಇದರಲ್ಲಿದೆ. ಅರ್ಬನ್, ರೇನ್, ಸ್ಪೋರ್ಟ್, ಟ್ರ್ಯಾಕ್, ಸೂಪರ್‌ಮೋಟೋ ಎಂದು ಐದು ಮೋಡುಗಳು. ಹೆಸರು ನೋಡಿ ಇದೆಲ್ಲ ಪರದೆಯ ಬಣ್ಣ ಬದಲಾಯಿಸುವ ಆಟವೆಂದುಕೊಳ್ಳುವವರಿಗೆ ಇದೇ ಎಂಜಿನ್ನಿನ ಅಪಾಚೆ ಆರ್‌ಆರ್ 310 ಬೈಕಿನ 2020ರ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಆವೃತ್ತಿಯ ಅಂಕಿಗಳನ್ನು ತೋರಿಸಬಹುದು. ಸ್ಪೋರ್ಟ್ ಮತ್ತು ಟ್ರ್ಯಾಕ್ ಮೋಡಿನಲ್ಲಿ ಅದು 9,700 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 34 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ ಕೊಟ್ಟರೆ, ಅರ್ಬನ್ ಮತ್ತು ರೇನ್ ಮೋಡಿನಲ್ಲಿ 7,700 ಆರ್‌ಪಿಎಂನಲ್ಲಿ 25.8 ಪಿಎಸ್ ಕೊಟ್ಟು ನಿಲ್ಲುತ್ತದೆ. ಗರಿಷ್ಠ ವೇಗವೂ ಗಂಟೆಗೆ 160 ಕಿ.ಮೀ.ಯಿಂದ 125ಕ್ಕೆ ಇಳಿಯುತ್ತದೆ. ಒಂದು ಗುಂಡಿ ಒತ್ತಿದ್ದಕ್ಕೆ ಕಾಲು ಭಾಗದಷ್ಟು ಶಕ್ತಿ ಮರೆಯಾಗುತ್ತದೆ. ಜೊತೆಗೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಎಷ್ಟು ಬೇಗ ಮಧ್ಯೆ ಬರಬೇಕೆಂಬುದೂ ಬದಲಾಗುತ್ತದೆ.

ಇದರ ಬೆಲೆ ತಿಳಿಯುವುದು ಮಳೆಗಾಲದ ಘಾಟಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನ ನಡುವೆ ಚಾರ್ಮಾಡಿ ಇಳಿಯತೊಡಗಿದರೆ ರಸ್ತೆಯ ಅಂಚಿನ ಬಿಳಿ ಪಟ್ಟಿಯ ಮೇಲೆ ತೆಳುವಾಗಿ ಪಾಚಿ ಕಟ್ಟಿರುತ್ತದೆ, ಬಂಡೆಯಿಂದ ಇಳಿದ ನೀರು ತಿರುವಿನ ನಡುವೆಯೇ ರಸ್ತೆಗೆ ಅಡ್ಡ ಹರಿಯುತ್ತಿರುತ್ತದೆ. ತಿರುವು ಮುಗಿದು ಬೈಕು ಇನ್ನೂ ಪೂರ್ತಿ ನೆಟ್ಟಗಾಗುವ ಮೊದಲು ಕೈ ಸ್ವಲ್ಪ ಹೆಚ್ಚು ತಿರುಗಿತೆನ್ನಿ. ಸ್ಪೋರ್ಟ್ ಮೋಡಿನಲ್ಲಿ ಆ ಅರ್ಜಿಗೆ ನಿಂತ ನಿಲುವಿನಲ್ಲೇ ಮಂಜೂರಾತಿ ಸಿಕ್ಕಿ ಹಿಂದಿನ ಚಕ್ರ ಜಾರಲು ನೋಡುತ್ತದೆ, ಆ ಜಾರುವಿಕೆಯನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿನ ದೀಪ ಮಿಣುಕುತ್ತದೆ. ರೇನ್ ಮೋಡಿನಲ್ಲಿ ಅದೇ ಅರ್ಜಿ ಕಡತದಿಂದ ಕಡತಕ್ಕೆ ಹೋಗಿ ನಿಧಾನವಾಗಿ ಮಂಜೂರಾಗುತ್ತದೆ, ಅಷ್ಟರಲ್ಲಿ ಬೈಕು ನೆಟ್ಟಗಾಗಿರುತ್ತದೆ. ಚಳಿಗೆ ಮರಗಟ್ಟಿದ, ನೆನೆದ ಗ್ಲೌಸಿನೊಳಗಿನ ಕೈಗೆ ಈ ವಿಳಂಬ ಬಹಳ ದೊಡ್ಡ ಉಪಕಾರ. ಆದರೆ ರೇನ್ ಮೋಡ್ ಹಾಕಿದ್ದೇನೆಂದು ಟೈರಿಗೆ ಹೊಸ ಹಿಡಿತವೇನೂ ಬಂದಿರುವುದಿಲ್ಲ. ಮುಂದಿನ ಬ್ರೇಕನ್ನು ತಿರುವಿನಲ್ಲಿ ಗಟ್ಟಿಯಾಗಿ ಹಿಡಿದರೆ ಆಗುವ ಅನಾಹುತವನ್ನು ಯಾವ ಮೋಡೂ ಪೂರ್ತಿ ತಡೆಯಲಾರದು. ಏರಿನಲ್ಲಿ ಬಸ್ಸನ್ನು ಹಿಂದಿಕ್ಕುವಾಗಲೂ ಶಕ್ತಿ ಕಡಿಮೆಯಿರುವುದನ್ನು ನೆನಪಿಟ್ಟುಕೊಂಡು ಗೇರು ಒಂದು ಕೆಳಗಿಳಿಸಿಯೇ ಹೊರಡಬೇಕು.

ಉಳಿದ ಮೋಡುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಅರ್ಬನ್ ಸಾಕು, ಬೈಕು ಜಗ್ಗುವುದಿಲ್ಲ. ಸೂಪರ್‌ಮೋಟೋದಲ್ಲಿ ಹಿಂದಿನ ಚಕ್ರದ ಎಬಿಎಸ್ ಇರುವುದಿಲ್ಲವಾದ್ದರಿಂದ ಊರೊಳಗೆ ಅದನ್ನು ಹಾಕಿಕೊಂಡು ತಿರುಗುವುದು ಶೋಕಿಯೇ ಹೊರತು ಬೇರೇನಲ್ಲ.

ಈಗ ಕ್ರೂಸ್. ಸ್ಪೋರ್ಟ್ಸ್ ಬೈಕಿಗೆ ಇದೇಕೆ ಎನ್ನುವವರು, ಇಂಥ ಬೈಕಿನಲ್ಲೇ ಇದರ ಅಗತ್ಯ ಹೆಚ್ಚು ಎಂಬುದನ್ನು ಗಮನಿಸಿರುವುದಿಲ್ಲ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ಚತುಷ್ಪಥ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯಿದ್ದರೆ ಮೋಟಾರ್‌ಸೈಕಲ್ಲಿಗೆ ಇರುವುದು 80. ಆರನೇ ಗೇರಿನಲ್ಲಿ 80 ಎಂದರೆ ಈ ಎಂಜಿನ್ ಆಕಳಿಸುವ ವೇಗ. ಗಮನ ಒಂದಿಷ್ಟು ಆಚೀಚೆಯಾದರೆ ಬಲಗೈ ತನಗೇ ತಿಳಿಯದಂತೆ ನೂರರ ಆಚೆ ಹೋಗಿರುತ್ತದೆ. ಕ್ರೂಸ್ ಹಾಕಿದಾಗ ವೇಗ ಏರದಂತೆ ನೋಡಿಕೊಳ್ಳುವ ಕೆಲಸ ಕೈಯಿಂದ ತಪ್ಪುತ್ತದೆ, ಮೀಟರಿನ ಕಡೆ ಮತ್ತೆ ಮತ್ತೆ ಇಣುಕುತ್ತಿದ್ದ ಕಣ್ಣು ರಸ್ತೆಯ ಮೇಲೆ ಉಳಿಯುತ್ತದೆ. ಎರಡನೆಯ ಕಾರಣ ಮಣಿಕಟ್ಟು. ಮುಂದಕ್ಕೆ ಬಾಗಿ ಕುಳಿತಾಗ ಮೈಭಾರದ ಒಂದು ಪಾಲು ಅಂಗೈಗಳ ಮೇಲೆಯೇ ಬೀಳುತ್ತದೆ. ಹೆಚ್ಚಿನ ವೇಗದಲ್ಲಿ ಎದುರುಗಾಳಿ ಎದೆಯನ್ನು ಎತ್ತಿ ಹಿಡಿದು ಈ ಭಾರವನ್ನು ಇಳಿಸುತ್ತದೆ, 80ರಲ್ಲಿ ಅಷ್ಟು ಗಾಳಿಯಿರುವುದಿಲ್ಲ. ಶಿರಾ ತಲುಪುವ ಹೊತ್ತಿಗೆ ಬಲಗೈಯ ಕಿರುಬೆರಳು ಜೋಮು ಹಿಡಿಯತೊಡಗಿದಾಗ, ಹಿಡಿತ ಸಡಿಲಿಸಿ ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಿಸುವಷ್ಟು ಬಿಡುವು ಕ್ರೂಸಿನಿಂದ ಸಿಗುತ್ತದೆ.

ಹಾಕುವುದು ಸುಲಭ: ಬೇಕಾದ ವೇಗಕ್ಕೆ ಬಂದು ಗುಂಡಿ ಒತ್ತಿದರೆ ಆಯಿತು. ಬ್ರೇಕನ್ನೋ ಕ್ಲಚ್ಚನ್ನೋ ಮುಟ್ಟಿದ ಕೂಡಲೇ ಅದು ಕೈಬಿಡುತ್ತದೆ. ಆಕ್ಸಿಲರೇಟರ್ ತಿರುಗಿಸಿ ಮುಂದಿನ ಲಾರಿಯನ್ನು ದಾಟಬಹುದು, ಆಗ ಮೋಡ್ ಯಾವುದಿದೆಯೋ ಆ ನಿಯಮದಂತೆಯೇ ಶಕ್ತಿ ಬರುವುದರಿಂದ ಕ್ರೂಸಿಗೆ ಮೊದಲು ಮೋಡನ್ನು ಗೊತ್ತುಮಾಡಿಕೊಳ್ಳುವುದು ನನ್ನ ಪದ್ಧತಿ. ಕಾರಿನ ಆಟೋಮ್ಯಾಟಿಕ್ ಗೇರು ನಮಗಿಲ್ಲವೆಂಬುದನ್ನೂ ಮರೆಯಬಾರದು. ಉದ್ದನೆಯ ಏರಿನಲ್ಲಿ ಇಸಿಯು ಕವಾಟವನ್ನು ತೆರೆಯುತ್ತಲೇ ಹೋಗುತ್ತದೆ, ಆದರೆ ಗೇರು ಇಳಿಸುವುದು ಅದರ ಕೈಯಲ್ಲಿಲ್ಲ; ಎಂಜಿನ್ ಗುದ್ದಾಡತೊಡಗಿದಾಗ ಐದನೇ ಗೇರಿಗೆ ಇಳಿಸಿ ಮತ್ತೆ ವೇಗ ಗೊತ್ತುಮಾಡಬೇಕು. ಇಳಿಜಾರಿನಲ್ಲಿ ಕವಾಟ ಮುಚ್ಚಿ ಎಂಜಿನ್ನಿನ ತಡೆಯಿಂದಷ್ಟೇ ವೇಗ ಹಿಡಿಯಲು ಅದು ಯತ್ನಿಸುತ್ತದೆ. ಇಳಿಜಾರು ಕಡಿದಾಗಿದ್ದರೆ 80 ಎಂದು ಗೊತ್ತುಮಾಡಿದ ಬೈಕು 85ಕ್ಕೂ ಹೋಗಬಹುದು.

ತಿರುವಿನಲ್ಲಿ ನಡೆಯುವ ಸಂಗತಿ ಇನ್ನೂ ಸ್ವಾರಸ್ಯಕರ. ಬೈಕಿನ ಟೈರು ದುಂಡಗಿರುವುದರಿಂದ ವಾಲಿದಾಗ ನೆಲಕ್ಕೆ ತಾಗುವುದು ಅದರ ಬದಿ, ಅಲ್ಲಿ ಸುತ್ತಳತೆ ಕಡಿಮೆ. ಆದ್ದರಿಂದ ಅದೇ ವೇಗದಲ್ಲಿ ಸಾಗಲು ಚಕ್ರ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಚಕ್ರದ ಸುತ್ತನ್ನೇ ಎಣಿಸುವ ಕ್ರೂಸು, ವೇಗ ಹೆಚ್ಚಾಯಿತೆಂದು ತಿಳಿದು ಕವಾಟವನ್ನು ತುಸು ಮುಚ್ಚುತ್ತದೆ. ತಿರುವಿನ ನಡುವೆ ಸವಾರ ಕೇಳದೆಯೇ ಎಂಜಿನ್ ಸಡಿಲವಾದಂತೆ ಅನಿಸುವುದು ಇದರಿಂದ. ವಾಲುವ ಕೋನವನ್ನು ಅಳೆಯುವ ಸೆನ್ಸರ್ ಇರುವ ಬೈಕುಗಳಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ವೇಗವನ್ನು ಉದ್ದೇಶಪೂರ್ವಕವಾಗಿ ಇಳಿಸುವ ಕಾರ್ನರಿಂಗ್ ಕ್ರೂಸ್ ಕಂಟ್ರೋಲ್ ಬಂದಿದೆ. ಅದಿದ್ದರೂ ತಿರುವಿಗೆ ಮೊದಲೇ ಕ್ರೂಸ್ ತೆಗೆದು ಕೈಯಲ್ಲೇ ಓಡಿಸುವುದು ನನಗೆ ಹಿತ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಲ್ಲಿ ಅಡ್ಡಗಾಳಿ ಜೋರಾಗಿದ್ದರೆ, ಮಳೆ ಹನಿಯತೊಡಗಿದರೆ, ಅಥವಾ ಡಿವೈಡರಿನ ಸಂದಿಯಿಂದ ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರು ಕಂಡರೆ ಕ್ರೂಸ್ ಇರಬಾರದು. 80ರಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ತೊಡೆಯ ಮೇಲಿಟ್ಟ ಕೈ ಬ್ರೇಕಿಗೆ ಬರುವಷ್ಟರಲ್ಲಿ ಎರಡು ಲಾರಿಗಳಷ್ಟು ಉದ್ದ ಮುಗಿದಿರುತ್ತದೆ. ಅದಕ್ಕೇ ಬೆರಳು ಬಿಚ್ಚಿ ಮಡಿಸಿದ ಮೇಲೆ ಎರಡು ಬೆರಳನ್ನು ಬ್ರೇಕ್ ಲಿವರಿನ ಮೇಲಿಟ್ಟುಕೊಂಡೇ ಸಾಗುತ್ತೇನೆ. ಮುಂದಿನ ವಾಹನವನ್ನು ರಾಡಾರಿನಿಂದ ಗುರುತಿಸಿ ತಾನೇ ವೇಗ ತಗ್ಗಿಸುವ ಕ್ರೂಸು 2020ರಲ್ಲಿ ಪ್ರಕಟವಾದ ಡುಕಾಟಿ ಮಲ್ಟಿಸ್ಟ್ರಾಡಾ ವಿ4ರಿಂದ ಬೈಕುಗಳಿಗೂ ಬಂದಿದೆಯಾದರೂ ನಮ್ಮ ಬೆಲೆಯ ಬೈಕುಗಳ ಕ್ರೂಸಿಗೆ ಮುಂದೆ ಏನಿದೆಯೆಂಬುದು ಕಾಣುವುದಿಲ್ಲ.

ಕ್ರೂಸ್ ಇಲ್ಲದ ಬೈಕಿಗೆ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಥ್ರಾಟಲ್ ಲಾಕ್ ಹಾಕಿಸಬಹುದೇ ಎಂದು ಕೇಳುವವರಿದ್ದಾರೆ. ಅದು ಹಿಡಿಯನ್ನು ಇದ್ದಲ್ಲೇ ಬಿಗಿದು ನಿಲ್ಲಿಸುವ ಒಂದು ಕ್ಲಿಪ್ಪು, ಅಷ್ಟೇ. ಏರು ಬಂದರೆ ವೇಗ ತಗ್ಗುತ್ತದೆ, ಇಳಿಜಾರು ಬಂದರೆ ಏರುತ್ತದೆ, ಬ್ರೇಕ್ ಹಿಡಿದರೂ ಎಂಜಿನ್ ಮುಂದಕ್ಕೆ ನೂಕುತ್ತಲೇ ಇರುತ್ತದೆ. ಅದನ್ನು ಹಾಕಿಸುವ ಬದಲು ತುಮಕೂರಿಗೂ ಶಿರಾಕ್ಕೂ ನಡುವೆ ಒಂದು ಚಹಾ ಹೆಚ್ಚಿಗೆ ಕುಡಿಯಿರಿ ಎನ್ನುತ್ತೇನೆ.