ಹೊಟ್ಟೆಯೊಳಗೊಂದು ವಿಮಾನ

ಶನಿವಾರ ರಾತ್ರಿ ಪ್ಲಾಸ್ಟಿಕ್ಕಿನ ಮಾದರಿ ವಿಮಾನದ ಮೈಯ ಎರಡು ಹೋಳುಗಳನ್ನು ಅಂಟಿಸಿ, ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ ಮಲಗಿದ್ದೆ. ಭಾನುವಾರ ಬೆಳಿಗ್ಗೆ ಕೈಗೆತ್ತಿಕೊಂಡಾಗ ಒಳಗೆ ಏನೋ ಟಕ್ ಅಂತು. ಓರೆ ಮಾಡಿದೆ. ಮತ್ತೆ ಟಕ್.

ಅಪ್ಪ ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು: "ಲೋಡ್ ಬಿಚ್ಕೊಂಡಿದೆ ಕಣಪ್ಪ."

ಅಪ್ಪ ಲಾರಿ ಡ್ರೈವರ್ ಆಗಿದ್ದವರು. ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಲೋಡಿನ ಸದ್ದು ಅವರಿಗೆ ಗೊತ್ತಾಗದೆ ಇರುತ್ತಾ?

ನಾನು ಕಟ್ಟುತ್ತಿದ್ದದ್ದು ಸವೋಯಾ-ಮಾರ್ಕೆಟ್ಟಿ ಎಸ್.ಎಂ.82. ಎರಡನೇ ಮಹಾಯುದ್ಧದಲ್ಲಿ ಇಟಲಿಯವರು ಸಾಮಾನು, ಸೈನಿಕರನ್ನು ಸಾಗಿಸಲು ಬಳಸಿದ ವಿಮಾನ. 1939ರಲ್ಲಿ ಮೊದಲ ಸಲ ಹಾರಿತು. ಮೂರು ಎಂಜಿನ್, ಮೂತಿಗೊಂದು, ರೆಕ್ಕೆಗೊಂದೊಂದು. ಮೈಗೆ ಉಕ್ಕಿನ ಕೊಳವೆಗಳ ಹಂದರ, ರೆಕ್ಕೆ ಮರದ್ದು. ಹೊಟ್ಟೆ ಮಾತ್ರ ಬಸುರಿಯ ಹೊಟ್ಟೆಯ ಹಾಗೆ ಜೋತುಬಿದ್ದಿದೆ. ಅದಕ್ಕೇ ಅವರು ಇದನ್ನು ಕಾಂಗರೂ ಅಂತ ಕರೆದರು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಹೆಚ್ಚುಕಡಿಮೆ 30 ಮೀಟರ್. ನನ್ನದು 1/72 ಅಳತೆಯ ಮಾದರಿ, ಆದರೂ 41 ಸೆಂಟಿಮೀಟರ್. ಊಟದ ಮೇಜಿನ ಅರ್ಧ ಅದೇ ತಿಂದುಬಿಟ್ಟಿತ್ತು.

ಮಾಡೆಲ್ ಕಟ್ಟುವವರು ಜಾಸ್ತಿ ಫೈಟರ್, ಅಂದರೆ ಕಾದಾಡುವ ಚಿಕ್ಕ ವಿಮಾನಗಳ ಹಿಂದೆ ಬೀಳುತ್ತಾರೆ. ನಾನೂ ಹಾಗೇ ಇದ್ದೆ. ಈ ಕಾಂಗರೂ ಮೇಲೆ ಮನಸ್ಸು ಬಿದ್ದದ್ದು ಅದರ ಹೊಟ್ಟೆಯ ಕಥೆ ಓದಿದ ಮೇಲೆ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಸೂಯೆಜ್ ಕಾಲುವೆ ಬ್ರಿಟಿಷರ ಕೈಯಲ್ಲಿತ್ತು. ಎರಿಟ್ರಿಯಾ, ಇಥಿಯೋಪಿಯಾದಲ್ಲಿದ್ದ ಇಟಲಿಯ ಸೇನೆಗೆ ಹಡಗಿನ ದಾರಿ ಮುಚ್ಚಿಹೋಯಿತು. ಅಲ್ಲಿಗೆ ಫೈಟರ್ ವಿಮಾನ ಕಳಿಸಬೇಕು, ಆದರೆ ಅಷ್ಟು ದೂರ ಅದು ತಾನಾಗಿ ಹಾರಲಾರದು. ಆಗ ಫಿಯಟ್ ಸಿ.ಆರ್.42 ಅನ್ನುವ ಎರಡು ಅಂತಸ್ತಿನ ರೆಕ್ಕೆಯ ಫೈಟರನ್ನು ಬಿಚ್ಚಿ ಈ ಕಾಂಗರೂ ಹೊಟ್ಟೆಗೆ ಇಟ್ಟರು. ಲಿಬಿಯಾದಿಂದ ಹೊರಟು, ಬ್ರಿಟಿಷರ ಹಿಡಿತದಲ್ಲಿದ್ದ ಸುಡಾನ್ ಮೇಲೆ ಹಾರಿ ತಲುಪಿಸಿದರು. ವಿಮಾನದೊಳಗೆ ವಿಮಾನ! ಅದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಿಟ್‌ನಲ್ಲಿ, ಅಂದರೆ ಬಿಡಿಭಾಗಗಳು ಬರುವ ಪೆಟ್ಟಿಗೆಯಲ್ಲಿ, ವಿಮಾನದ ಒಳಗಡೆಗೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಾಗಾಗಿ ಹಂದರವನ್ನು ನಾನೇ ಕಟ್ಟಿದೆ. ಬಿಡಿಭಾಗ ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಸ್ಪ್ರೂ ಅಂತೀವಿ, ಅದನ್ನು ಮೇಣದಬತ್ತಿಯ ಉರಿಯಿಂದ ಒಂದು ಬೆರಳು ಮೇಲೆ ಹಿಡಿದು ತಿರುಗಿಸುತ್ತಾ ಇರಬೇಕು. ಮಧ್ಯದಲ್ಲಿ ಹೊಳಪು ಬಂದು ಸ್ವಲ್ಪ ಬಾಗಿದ ಕ್ಷಣ, ಉರಿಯಿಂದ ಆಚೆ ತಂದು ಎರಡೂ ಕೈಯಿಂದ ನಿಧಾನಕ್ಕೆ ಎಳೆಯಬೇಕು. ಬೆಲ್ಲದ ಪಾಕದ ಎಳೆಯ ಹಾಗೆ ಬರುತ್ತೆ. ಬೇಗ ಎಳೆದರೆ ಕೂದಲು, ತಡೆದು ಎಳೆದರೆ ಕಡ್ಡಿ. ಎಲ್ಲಾ ಒಂದೇ ದಪ್ಪ ಬರೋವರೆಗೂ ಎಳೆದೆ. ಮೂರು ವಾರದ ಸಂಜೆಗಳು ಇದಕ್ಕೇ ಹೋದವು. ಆಮೇಲೆ ಹಳೆಯ ಕಿಟ್ ಒಂದರಿಂದ ಸಿ.ಆರ್.42 ಕಟ್ಟಿ, ರೆಕ್ಕೆ ಬೇರೆ ಮಾಡಿ, ಬಣ್ಣ ಹಚ್ಚಿ ಒಳಗೆ ಕೂರಿಸಿದೆ. ಈಗ ಅದೇ ಒಳಗೆ ಉರುಳಾಡುತ್ತಿತ್ತು.

ತಪ್ಪು ಎಲ್ಲಾಯಿತು ಅಂತ ತಕ್ಷಣ ಹೊಳೆಯಿತು. ಈ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು. ಬಣ್ಣದ ಮೇಲೆ ಹಾಕಿದರೆ ಬಣ್ಣಕ್ಕಷ್ಟೇ ಹಿಡಿಯುತ್ತದೆ. ಚಕ್ರದ ಕೆಳಗಿನ ಬಣ್ಣ ಕೆರೆಯಲು ಮರೆತಿದ್ದೆ.

ಹಾಗೇ ಬಿಡೋಣ, ಅಲುಗಾಡಿಸದಿದ್ದರೆ ಆಯಿತು ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಅಪ್ಪ ಪೇಪರ್ ಮಡಚಿಟ್ಟು ಪಕ್ಕಕ್ಕೆ ಬಂದು ಕೂತರು. "ಒಳಗೆ ಏನಿದೆ?" ಅಂದರು. ಹೇಳಿದೆ. ಅವರ ಮುಖ ಅರಳಿತು. "ಹಂಗಾದ್ರೆ ಇದು ಲಾರಿ ಕಣೋ! ಹಗ್ಗ ಹಾಕಿಲ್ವಾ?"

ಹಾಕಿರಲಿಲ್ಲ. ಅಂಟು ಇದ್ದರೆ ಸಾಕು ಅಂದುಕೊಂಡಿದ್ದೆ.

ಅಪ್ಪ ಅಡುಗೆಮನೆಯಿಂದ ರಾಗಿ ಡಬ್ಬ, ಮಣೆ, ಒಂದು ಮಾರು ಗೋಣಿದಾರ ತಂದರು. ಡಬ್ಬವನ್ನು ಮಣೆಯ ಮೇಲಿಟ್ಟು ಮೇಲಿಂದ ಒಂದೇ ಸುತ್ತು ಬಿಗಿದರು. ಮಣೆಯನ್ನು ಮುಂದಕ್ಕೆ ತಳ್ಳಿ ಥಟ್ಟನೆ ನಿಲ್ಲಿಸಿದರು. ಡಬ್ಬ ದಾರದೊಳಗೇ ಮುಂದಕ್ಕೆ ಜಾರಿತು. "ನೋಡ್ದಾ? ಬ್ರೇಕ್ ಹಾಕಿದ್ರೆ ಲೋಡ್ ಬಂದು ಕ್ಯಾಬಿನ್‌ನಲ್ಲಿ ಕೂರ್ತದೆ. ಮುಂದಕ್ಕೆ ಎಳೆಯೋ ಹಗ್ಗ ಬೇರೆ, ಹಿಂದಕ್ಕೆ ಎಳೆಯೋ ಹಗ್ಗ ಬೇರೆ. ನಾಕು ಮೂಲೆಗೂ ಓರೆಯಾಗಿ ಹೋಗ್ಬೇಕು." ನಾಲ್ಕು ಕಡೆ ಕಟ್ಟಿ ಮತ್ತೆ ತಳ್ಳಿದರು. ಡಬ್ಬ ಮಿಸುಕಲಿಲ್ಲ.

ಟೇಪ್ ಬಿಚ್ಚಿದೆ. ಅಂಟು ಪೂರ್ತಿ ಗಟ್ಟಿಯಾಗಿರಲಿಲ್ಲ, ಅದೇ ಪುಣ್ಯ. ಸಂದಿನಗುಂಟ ಬ್ಲೇಡಿನ ಮೊನೆ ಆಡಿಸುತ್ತಾ ಬಂದೆ. ಬಾಲದ ಹತ್ತಿರ ಚಟ್ ಅಂದಾಗ ಎದೆ ಧಸಕ್ ಅಂತು. ಒಳಗೆ ಎರಡು ಕಡ್ಡಿ ಮುರಿದಿದ್ದವು, ಅಷ್ಟೇ. ಅವನ್ನು ಸರಿಮಾಡಿ, ಬಣ್ಣ ಕೆರೆದು, ಫೈಟರನ್ನು ಮತ್ತೆ ಅಂಟಿಸಿದೆ. ಹೊಲಿಗೆ ದಾರಕ್ಕೆ ಮೇಣ ಸವರಿ ಜುಂಗು ಕೂರಿಸಿ, ಚಿಮಟದಲ್ಲಿ ಹಿಡಿದು, ನಾಲ್ಕು ಮೂಲೆಗೆ ಓರೆಯಾಗಿ ಕಟ್ಟಿದೆ. ಒಂದೊಂದು ಗಂಟಿಗೆ ಕಾಲು ಗಂಟೆ. ಅಪ್ಪ ಟಾರ್ಚ್ ಹಿಡಿದು ಕೂತೇ ಇದ್ದರು.

ಕಟ್ಟುತ್ತಾ ಕಟ್ಟುತ್ತಾ "ಯಾರ ಮೇಲೆ ಯುದ್ಧ?" ಅಂತ ಕೇಳಿದರು. ಇಥಿಯೋಪಿಯಾವನ್ನು ಇಟಲಿ 1936ರಲ್ಲಿ ನುಂಗಿದ್ದು, 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಅವರ ಎದುರು ಕಾದಾಡಿದವರಲ್ಲಿ ನಮ್ಮ ಭಾರತದ 4 ಮತ್ತು 5ನೇ ಡಿವಿಷನ್ ಸೈನಿಕರಿದ್ದದ್ದು, ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯವರನ್ನು ಭಾರತಕ್ಕೆ ತಂದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೂ ಇಟ್ಟಿದ್ದು, ಎಲ್ಲಾ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಈ ಫೈಟರ್‌ಗಳು ನಮ್ಮವರ ಮೇಲೂ ಗುಂಡು ಹಾರಿಸಿರಬಹುದು. ನನಗೂ ಅದು ಮನಸ್ಸಿನಲ್ಲಿದೆ. ರೆಕ್ಕೆಯ ಮೇಲೆ ಅಂಟಿಸಬೇಕಾದ ಫ್ಯಾಸಿಸ್ಟ್ ಗುರುತಿನ ಡಿಕಾಲ್ (ಅಂಟುಚಿತ್ರ) ಹಾಳೆ ಇನ್ನೂ ಹಾಗೇ ಇದೆ. ಅಂಟಿಸುತ್ತೇನೆ. ಅದನ್ನು ಬಿಟ್ಟರೆ ವಿಮಾನ ಯಾರದು, ಯಾಕೆ ಹಾರಿತು ಅನ್ನೋದನ್ನೇ ಮುಚ್ಚಿಟ್ಟ ಹಾಗಾಗುತ್ತೆ.

ಮಧ್ಯಾಹ್ನ ಮೂರಕ್ಕೆ ಹೋಳುಗಳು ಮತ್ತೆ ಸೇರಿದವು. ಪಕ್ಕದ ಬಾಗಿಲನ್ನು ತೆರೆದೇ ಅಂಟಿಸಿದ್ದೇನೆ. ಟಾರ್ಚ್ ಬಿಟ್ಟರೆ ಒಂದು ದಾರ, ಒಂದು ಚಕ್ರ ಕಾಣುತ್ತದೆ. ಅಂಟು ಒಣಗಿದ ಮೇಲೆ ಸಂಜೆ ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡಿದರು. ಸದ್ದಿಲ್ಲ.

"ಇದಕ್ಕೆ ಎಷ್ಟು ಜನ ಡ್ರೈವರ್?"

"ಇಬ್ಬರು ಪೈಲಟ್ ಅಪ್ಪ. ಜೊತೆಗೆ ಇನ್ನೂ ಇಬ್ಬರು ಮೂವರು ಇರ್ತಿದ್ರು."

"ಒಳ್ಳೇದು," ಅಂದರು. "ರಾತ್ರಿ ಹೊತ್ತು ಒಬ್ಬನೇ ಆಗಲ್ಲ."