ಕ್ಲಚ್ ಬದಲಿಸಿದೆ, ಜರ್ಕ್ ಹೋಗಲಿಲ್ಲ

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಗ್ಯಾರೇಜು. ನಾನು, ಜೊತೆಗೆ ಇಬ್ಬರು ಹುಡುಗರು. ಹದಿನೆಂಟು ವರ್ಷದಿಂದ ಇದೇ ಕೆಲಸ. ಈಚೆಗೆ ನಮ್ಮಲ್ಲಿಗೆ ಬರುವ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಎಎಂಟಿ ಗಾಡಿಗಳು ಜಾಸ್ತಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನಾಗಿಯೇ ಬದಲಾಗುವಂಥವು. ಹೆಚ್ಚಿನವು ಬೆಂಗಳೂರಿನಲ್ಲಿ ಓಡಿದವು. ನಂಬರ್ ಪ್ಲೇಟ್ ನೋಡಿದರೇ ಗೊತ್ತಾಗುತ್ತದೆ, ಕೆಎ 53, ಕೆಎ 51 ಅಂತ. ಗಾಡಿಯಿಂದ ಇಳಿದ ತಕ್ಷಣ ಓನರ್ ಹೇಳುವ ಮಾತು ಒಂದೇ: "ಗೇರ್ ಬೀಳುವಾಗ ಜರ್ಕ್ ಹೊಡೆಯುತ್ತೆ."

ಈ ಜರ್ಕ್ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎಡಗಾಲಿನ ಮಂಡಿ ನೋವು, ಕ್ಲಚ್ ತುಳಿಯೋಕೆ ಆಗುತ್ತಿರಲಿಲ್ಲ. ಅದಕ್ಕೇ ಎಎಂಟಿ ತಗೊಂಡಿದ್ದರು. ಐದು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಮೀಟರಿನಲ್ಲಿ 41,000 ಕಿ.ಮೀ. "ನೋಡಪ್ಪಾ, ಒಂದರಿಂದ ಎರಡಕ್ಕೆ ಹೋಗುವಾಗ ಯಾರೋ ಕತ್ತು ಹಿಡಿದು ಮುಂದಕ್ಕೆ ತಳ್ಳಿದ ಹಾಗಾಗುತ್ತೆ. ನಮ್ಮನೆಯವಳು ಈ ಕಾರು ಹತ್ತೋದೇ ಇಲ್ಲ ಅಂತಾಳೆ" ಎಂದರು.

ನಾನು ಕೀ ಇಸ್ಕೊಂಡು ಬಿ.ಎಚ್. ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬಂದೆ. ಅಂಥಾ ಜರ್ಕ್ ಏನೂ ಕಾಣಲಿಲ್ಲ. ಆದರೂ ಬೆಂಗಳೂರು ಟ್ರಾಫಿಕ್ಕಿನ ಗಾಡಿ, 41,000 ಆಗಿದೆ, ಕ್ಲಚ್ ಹೋಗಿರಲೇಬೇಕು ಅಂತ ತೀರ್ಮಾನಕ್ಕೆ ಬಂದುಬಿಟ್ಟೆ. ಮೇಷ್ಟ್ರು ಒಂದೂ ಪ್ರಶ್ನೆ ಕೇಳಲಿಲ್ಲ. "ನೀನು ಹೇಳಿದ ಮೇಲೆ ಮುಗೀತು" ಎಂದು ಆಟೋ ಹತ್ತಿ ಮನೆಗೆ ಹೋದರು.

ಗೇರ್ ಬಾಕ್ಸ್ ಇಳಿಸಿದೆವು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲ ಹೊಸದು. ಕೂಲಿ ಸೇರಿ 17,500 ರೂಪಾಯಿ. ಹಳೇ ಪ್ಲೇಟ್ ಕೈಗೆ ಬಂದಾಗಲೇ ನಾನು ನಿಲ್ಲಬೇಕಿತ್ತು. ರಿವೆಟ್ ಮೇಲಿನ ಉಜ್ಜುವ ಪದರ ಇನ್ನೂ ಚೆನ್ನಾಗಿಯೇ ದಪ್ಪ ಇತ್ತು. ಸುಟ್ಟ ಕಲೆಯೂ ಇರಲಿಲ್ಲ. ಇಷ್ಟು ಬಿಚ್ಚಿಯಾಯಿತು, ಪಾರ್ಟ್ಸ್ ಬಂದಾಯಿತು, ಹಾಕೇ ಬಿಡೋಣ ಅಂದುಕೊಂಡೆ.

ಅಲ್ಲೇ ಇನ್ನೊಂದು ತಪ್ಪೂ ಆಯಿತು. ಮ್ಯಾನುವಲ್ ಗಾಡಿಗೆ ಹಾಕಿದ ಹಾಗೆ ಹಾಕಿ ಸ್ಟಾರ್ಟ್ ಮಾಡಿದೆ. ಗ್ಯಾರೇಜಿನ ಗೇಟು ದಾಟುವಷ್ಟರಲ್ಲಿ ಕಾರು ಗಡಗಡ ನಡುಗಿತು.

ಎಎಂಟಿ ಅಂದರೆ ಬೇರೆ ಜಾತಿಯ ಗೇರ್ ಬಾಕ್ಸ್ ಅಲ್ಲ. ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್ ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಒಂದು ಕಂಪ್ಯೂಟರ್ ಮಾಡಿಸುತ್ತದೆ ಅಷ್ಟೇ. ಕೆಲವು ಕಾರುಗಳಲ್ಲಿ ಆಯಿಲ್ ಒತ್ತಡದಿಂದ, ಕೆಲವದರಲ್ಲಿ ಕರೆಂಟ್ ಮೋಟಾರಿನಿಂದ. ಕ್ಲಚ್ ಎಲ್ಲಿ ಹಿಡಿಯಲು ಶುರುವಾಗುತ್ತದೆ ಅನ್ನುವುದು ನಮ್ಮ ಕಾಲಿಗೆ ನಾಲ್ಕು ಸಲ ತುಳಿದರೆ ತಿಳಿಯುತ್ತದೆ. ಕಂಪ್ಯೂಟರ್ ಅದನ್ನು ಒಂದು ಲೆಕ್ಕವಾಗಿ ಇಟ್ಟುಕೊಂಡಿರುತ್ತದೆ. ಪ್ಲೇಟ್ ಸವೆದ ಹಾಗೆ ಆ ಲೆಕ್ಕವನ್ನು ಮೆಲ್ಲಗೆ ತಿದ್ದಿಕೊಳ್ಳುತ್ತಾ ಹೋಗುತ್ತದೆ. ನಾವು ಏಕಾಏಕಿ ದಪ್ಪ ಪ್ಲೇಟ್ ಹಾಕಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಹಳೇ ಜಾಗದಲ್ಲೇ ಹಿಡಿಯಲು ನೋಡುತ್ತದೆ. ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕಿ ಹೊಸ ಜಾಗವನ್ನು ಕಲಿಸಬೇಕು. ಇದಕ್ಕೆ ನಾವು ಲರ್ನಿಂಗ್ ಅನ್ನುತ್ತೇವೆ.

ಆಟೋ ಕಾಂಪ್ಲೆಕ್ಸಿನಲ್ಲಿರುವ ಸ್ನೇಹಿತರಿಂದ ಸ್ಕ್ಯಾನರ್ ತಂದು ಲರ್ನಿಂಗ್ ಮಾಡಿದೆ. ನಡುಕ ನಿಂತಿತು. ನಿಟ್ಟುಸಿರು ಬಿಟ್ಟು ಗಾಡಿ ಕೊಟ್ಟೆ.

ಮೂರನೇ ದಿನ ಮೇಷ್ಟ್ರು ಮತ್ತೆ ಬಂದರು. "ಮೊದಲಿನ ಹಾಗೇ ಇದೆಯಲ್ಲಪ್ಪಾ" ಎಂದರು. ಬೈಯಲಿಲ್ಲ. ಪೆನ್ಷನ್ ದುಡ್ಡು ಅದು. ನನಗೆ ಅವರ ಮುಖ ನೋಡಲು ಆಗಲಿಲ್ಲ.

"ಸರ್, ಈ ಸಲ ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ" ಎಂದೆ. ತುಂಗಾ ಸೇತುವೆ ದಾಟಿ ಹೋದೆವು. ಅರ್ಧ ಕಿಲೋಮೀಟರಿನಲ್ಲೇ ನನಗೆ ಉತ್ತರ ಸಿಕ್ಕಿತು. ಎರಡು ಉತ್ತರ. ಎರಡರಲ್ಲೂ ಕ್ಲಚ್ಚಿನ ಹೆಸರಿರಲಿಲ್ಲ.

ಮೊದಲನೆಯದು ಅವರ ಬಲಗಾಲು. ಗೇರ್ ಬದಲಾಗುವಾಗಲೂ ಆಕ್ಸಿಲೇಟರನ್ನು ಒತ್ತಿ ಹಿಡಿದೇ ಇದ್ದರು. ಆಟೋಮ್ಯಾಟಿಕ್ ಅಲ್ವಾ, ಕಾಲು ತೆಗೆಯುವ ಕೆಲಸ ಏನಿದೆ? ತಪ್ಪೇನಿಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಆದರೆ ಎಎಂಟಿ ಗೇರ್ ಬದಲಿಸುವಾಗ ಎಂಜಿನ್ ಎಳೆತವನ್ನು ತಾನೇ ತಗ್ಗಿಸಿ, ಕ್ಲಚ್ ಬಿಡಿಸಿ, ಗೇರ್ ಹಾಕಿ, ಮತ್ತೆ ಕ್ಲಚ್ ಹಿಡಿಸಬೇಕು. ಆ ಅರೆಗಳಿಗೆ ಚಕ್ರಕ್ಕೆ ಎಳೆತವೇ ಇರುವುದಿಲ್ಲ. ತಲೆ ಮುಂದೆ ಬಾಗುತ್ತದೆ, ಎಳೆತ ವಾಪಸ್ ಬಂದಾಗ ಹಿಂದೆ ಬೀಳುತ್ತದೆ. ಕಾಲು ಒತ್ತಿ ಹಿಡಿದಷ್ಟೂ ಇದು ಜೋರು. ಒಂದರಿಂದ ಎರಡಕ್ಕೇ ಇದು ಜಾಸ್ತಿ, ಕಾರಣವೂ ಇದೆ. ಸಣ್ಣ ಕಾರುಗಳಲ್ಲಿ ಒಂದನೇ ಗೇರಿನ ಅನುಪಾತ 3.5ರ ಆಸುಪಾಸು, ಎರಡನೆಯದು 1.9ರ ಆಸುಪಾಸು. ಅಂದರೆ ಎಂಜಿನ್ ವೇಗ ಒಂದೇ ಏಟಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು. ನಾಲ್ಕರಿಂದ ಐದಕ್ಕೆ ಅಷ್ಟು ದೊಡ್ಡ ಮೆಟ್ಟಿಲಿಲ್ಲ.

ನಾನು ಓಡಿಸಿದಾಗ ಜರ್ಕ್ ಯಾಕೆ ಕಾಣಲಿಲ್ಲ ಅನ್ನುವುದು ಆಗ ಅರ್ಥವಾಯಿತು. ಹದಿನೆಂಟು ವರ್ಷದ ಅಭ್ಯಾಸ. ಗೇರ್ ಬೀಳುವ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಸಡಿಲವಾಗುತ್ತದೆ. ಗಾಡಿಯ ತೊಂದರೆಯನ್ನು ನನ್ನ ಕಾಲೇ ನನ್ನಿಂದ ಮುಚ್ಚಿಟ್ಟಿತ್ತು.

ಎರಡನೆಯದು ಒಂದು ಸದ್ದು. ಗಾಡಿ ಹೊರಡುವಾಗ, ರಿವರ್ಸ್ ಹೋಗುವಾಗ, ಕಾಲ ಬುಡದಲ್ಲಿ 'ಟಕ್' ಅಂತ. ಗ್ಯಾರೇಜಿಗೆ ಬಂದು ಎಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಸ್ವಲ್ಪ ಎತ್ತಿದೆವು. ಎಂಜಿನ್ನನ್ನು ಗಾಡಿಯ ಬಾಡಿಗೆ ಹಿಡಿದಿಡುವ, ಎಂಜಿನ್ ಕಡೆಯ ಮೌಂಟಿಂಗಿನ ರಬ್ಬರ್ ಸೀಳಿ ಬಾಯಿ ಬಿಟ್ಟಿತ್ತು. ಗೇರ್ ಬಾಕ್ಸ್ ಇಳಿಸುವಾಗ ಆ ಮೌಂಟಿಂಗ್ ಬಿಚ್ಚಿರಲಿಲ್ಲ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಎಳೆತ ಹೋಗಿ ಬಂದಾಗಲೆಲ್ಲ ಎಂಜಿನ್ ಪೂರ್ತಿ ಹಿಂದೆ ಮುಂದೆ ತೂಗುತ್ತಿತ್ತು. ಇರುವ ಸಣ್ಣ ಜರ್ಕ್ ಎರಡರಷ್ಟಾಗುತ್ತಿತ್ತು. ಮೌಂಟಿಂಗಿಗೆ ಎರಡು ಸಾವಿರ ಚಿಲ್ಲರೆ. ಅದನ್ನು ಹಾಕಿ, ಎಂಜಿನ್ನಿಗೆ ಗಾಳಿ ಬಿಡುವ, ಕಾರ್ಬನ್ ಕಟ್ಟಿದ್ದ ಥ್ರಾಟಲ್ ಬಾಡಿಯನ್ನೂ ಕ್ಲೀನ್ ಮಾಡಿದೆವು.

ಉಳಿದಿದ್ದು ಕಾಲಿನ ಪಾಠ. "ಸರ್, ಹಳೇ ಸ್ಕೂಟರಿನಲ್ಲಿ ಕೈಗೇರ್ ತಿರುಗಿಸುವಾಗ ಆಕ್ಸಿಲೇಟರ್ ಸಡಿಲ ಬಿಡುತ್ತಿದ್ದಿರಲ್ಲ, ಹಾಗೇ. ಎರಡು ಬೀಳುತ್ತೆ ಅನ್ನುವಾಗ ಕಾಲಿನ ಹೆಬ್ಬೆರಳು ಒಂಚೂರು ಎತ್ತಿ" ಎಂದೆ. ಸ್ಕೂಟರ್ ಅಂದ ಕೂಡಲೇ ಅವರಿಗೆ ಹಿಡಿತ ಸಿಕ್ಕಿತು. ಹತ್ತು ನಿಮಿಷದಲ್ಲಿ ಗಾಡಿ ನೀರಿನ ಹಾಗೆ ಹೋಯಿತು. ಕ್ಲಚ್ಚಿನ ಕೂಲಿ ವಾಪಸ್ ಕೊಡಲು ಹೋದರೆ ಬೇಡವೇ ಬೇಡ ಎಂದರು. ಮುಂದಿನ ಸರ್ವಿಸುಗಳ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಅಲ್ಲಿಂದ ಈಚೆಗೆ ಜರ್ಕ್ ಅಂತ ಬಂದ ಯಾವ ಎಎಂಟಿಯನ್ನೂ ನಾನು ಮೊದಲು ಓಡಿಸುವುದಿಲ್ಲ. ಓನರ್ ಓಡಿಸಬೇಕು, ನಾನು ಅವರ ಕಾಲು ನೋಡಬೇಕು. ಆಮೇಲೆ ಬ್ಯಾಟರಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಸರಿ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಕ್ಲಚ್ ಎಳೆಯುವುದೂ ಗೇರ್ ಹಾಕುವುದೂ ಕರೆಂಟಿನಿಂದಲೇ ತಾನೇ? ಆಯಿಲ್ ಒತ್ತಡದ ಗಾಡಿಯಾದರೆ ಅದರ ಪುಟ್ಟ ಡಬ್ಬಿಯ ಮಟ್ಟ ನೋಡುತ್ತೇನೆ. ಅದಕ್ಕೆ ಬೇರೆಯೇ ಆಯಿಲ್ ಬರುತ್ತದೆ. ಯಾರೋ ಬ್ರೇಕ್ ಆಯಿಲ್ ಸುರಿದಿದ್ದ ಒಂದು ಗಾಡಿ ಬಂದಿತ್ತು, ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಹಾಳಾಗಿದ್ದವು. ಸ್ಕ್ಯಾನರ್ ಹಾಕಿ ಕ್ಲಚ್ ಎಷ್ಟು ಸವೆದಿದೆ ಅಂತ ಲೆಕ್ಕ ನೋಡುತ್ತೇನೆ, ಮೌಂಟಿಂಗ್ ಅಲ್ಲಾಡಿಸುತ್ತೇನೆ, ಒಂದು ಸಲ ಲರ್ನಿಂಗ್ ಮಾಡುತ್ತೇನೆ. ಗೇರ್ ಬಾಕ್ಸ್ ಇಳಿಸುವ ಮಾತು ಎಲ್ಲಕ್ಕಿಂತ ಕೊನೆಗೆ.

ಹಾಗಂತ ಕ್ಲಚ್ ಹೋಗುವುದೇ ಇಲ್ಲ ಅಂತಲ್ಲ. ನಮ್ಮ ದೇಶದಲ್ಲಿ ಎಎಂಟಿ ಸಾಮಾನ್ಯ ಜನರ ಕೈಗೆ ಬಂದಿದ್ದೇ 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ಕೊಂಡವರಲ್ಲಿ ಬಹಳ ಜನ ಅದನ್ನು ಸವೆಯುವ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಅಂತಲೇ ತಿಳಿದರು. ಫ್ಲೈಓವರ್ ಏರಿನಲ್ಲಿ ಬ್ರೇಕ್ ಹಿಡಿಯದೆ, ಆಕ್ಸಿಲೇಟರ್ ಮೇಲೆಯೇ ಗಾಡಿ ನಿಲ್ಲಿಸಿದರು. ಹಾಗೆ ನಿಂತಷ್ಟೂ ಹೊತ್ತು ಕ್ಲಚ್ ಉಜ್ಜುತ್ತಲೇ ಇರುತ್ತದೆ. ಅಂಥ ಗಾಡಿ ಏರಿನಲ್ಲಿ ತಾನೇ ಹೇಳಿಕೊಳ್ಳುತ್ತದೆ, ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ.

ಹಳೇ ಎಎಂಟಿ ನೋಡಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದರೆ ತಿಳಿಯುತ್ತದೆ. ತಣ್ಣಗೆ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ, ಬಿಸಿಯಾದ ಮೇಲೆ ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಹೊರಡುವಾಗ ನಡುಗಿದರೆ ಅದು ಎಎಂಟಿಯ ಸ್ವಭಾವ ಅಂತ ಯಾರು ಹೇಳಿದರೂ ನಂಬಬೇಡಿ. ಜೋರಾಗಿ ಒತ್ತಿದಾಗ ತಲೆ ಸ್ವಲ್ಪ ಬಾಗುವುದು ಸ್ವಭಾವ. ನಡುಗುವುದು, ಟಕ್ ಅನ್ನುವುದು, ಗೇರ್ ಸಿಗದೆ ನ್ಯೂಟ್ರಲ್ಲಿಗೆ ಬೀಳುವುದು ಕಾಯಿಲೆ.

ಮೇಷ್ಟ್ರು ಹೋದ ತಿಂಗಳು ಆಗುಂಬೆಗೆ ಹೋಗಬೇಕು ಅಂತ ಕೇಳಿಕೊಂಡು ಬಂದಿದ್ದರು. ಘಾಟಿಯ ತಿರುವಿನಲ್ಲಿ ಗಾಡಿ ಎರಡೋ ಮೂರೋ ಅಂತ ತಡಕಾಡುತ್ತದೆ, ಲಿವರನ್ನು ಮ್ಯಾನುವಲ್ ಕಡೆ ತಳ್ಳಿ ಎರಡರಲ್ಲೇ ಇಡಿ ಎಂದೆ. ಹಾಗೇ ಹೋಗಿ ಬಂದರು, ಈ ಸಲ ಮನೆಯವರೂ ಜೊತೆಗಿದ್ದರು. ಗೇರ್ ಬಾಕ್ಸ್ ಕಡೆಯ ಮೌಂಟಿಂಗಿನಲ್ಲೂ ಈಗ ಸಣ್ಣ ಬಿರುಕು ಕಾಣುತ್ತಿದೆ. ಆರ್ಡರ್ ಹಾಕಿದ್ದೇನೆ, ಸೋಮವಾರ ಬರುತ್ತದೆ.