ಮನುಷ್ಯರ ಚರ್ಮ ನೋಡಿದ್ರಂತಲ್ಲ, ಅಸಹ್ಯ ಆಗ್ಲಿಲ್ವಾ?

ಇಲ್ಲ, ಆಗಲಿಲ್ಲ. ವಾಸನೆಯೂ ಬರಲಿಲ್ಲ, ಅದು ಗಾಜಿನೊಳಗಿತ್ತು. ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ಅನ್ನೋ ಮ್ಯೂಸಿಯಂನಲ್ಲಿ ಹಚ್ಚೆಯಿದ್ದ ಮನುಷ್ಯರ ಚರ್ಮ ನೋಡಿ ಬಂದೆ ಅಂತ ಒಮ್ಮೆ ಹೇಳಿದ್ದೇ ಹೇಳಿದ್ದು, ಅವತ್ತಿನಿಂದ ಇದೇ ಪ್ರಶ್ನೆ. ಕೆಲವರು "ಹೇಗೆ ಸುಲೀತಾರಂತೆ?" ಅಂತಲೂ ಕೇಳುತ್ತಾರೆ. ಆಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಕುರಿ ವಿಷಯ ಮಾತಾಡುವ ಹಾಗೆ ಮಾತಾಡಬೇಡಿ.

ನಾನು ಕಂಡದ್ದು ಇಷ್ಟು. ಹಳೇ ಕಾಗದದ ಬಣ್ಣದ ಒಂದು ತುಂಡು. ಅಂಚು ಸುಟ್ಟ ಹಪ್ಪಳದ ಹಾಗೆ ಅಲೆ ಅಲೆಯಾಗಿತ್ತು, ಉದ್ದಕ್ಕೂ ಸಣ್ಣ ತೂತುಗಳು. ಹಸಿ ಇರುವಾಗ ಎಳೆದು ಪಿನ್ ಹೊಡೆದು ಒಣಗಿಸಿದ್ದಾರೆ. ಒಣಗುತ್ತಾ ಪಿನ್ನುಗಳ ಮಧ್ಯದ ಚರ್ಮ ಒಳಕ್ಕೆ ಸೇದಿಕೊಂಡಿದೆ. ಮೈಮೇಲಿನ ಸಣ್ಣ ಕೂದಲು ಹಾಗೇ ಇತ್ತು. ನಾನು ತುಂಬಾ ಹೊತ್ತು ನೋಡಿದ್ದು ಆ ಕೂದಲನ್ನೇ.

ಇಂಥ ಸುಮಾರು 300 ತುಂಡುಗಳನ್ನು 1929ರಲ್ಲಿ ಪೀಟರ್ ಜಾನ್‌ಸ್ಟನ್-ಸೇಂಟ್ ಎಂಬಾತ ಆ ಮ್ಯೂಸಿಯಂಗೆ ಹೆಸರು ಬಂದ ಸಂಗ್ರಾಹಕ ಹೆನ್ರಿ ವೆಲ್‌ಕಮ್ ಪರವಾಗಿ ಪ್ಯಾರಿಸ್‌ನಲ್ಲಿ ಕೊಂಡ. ಸಿಪಾಯಿಗಳದು, ನಾವಿಕರದು, ಕೈದಿಗಳದು ಅನ್ನುತ್ತಾರೆ. ಹೂವು, ಚಿಟ್ಟೆ, ಹೆಂಗಸರ ಮುಖ, ಪ್ರೀತಿಸಿದವರ ಹೆಸರು, ಎಲ್ಲ ಇವೆ. ಮೇಲ್ಪದರ ಉದುರಿ ಹೊಸದು ಬರುತ್ತಲೇ ಇರುತ್ತದೆ, ಆದರೆ ಹಚ್ಚೆಯ ಬಣ್ಣ ಅದರ ಕೆಳಗಿನ ಪದರದಲ್ಲಿ ಕೂತಿರುತ್ತದೆ. ಹಾಗಾಗಿ ಆಳು ಹೋದ ಮೇಲೂ ಬರಹ ಓದಬಹುದು.

ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಮತ್ತೆ ಅದೇ ಮಾತು ಎದ್ದಿತು. ಒಬ್ಬರು ಹೋಳಿಗೆ ಮುರಿಯುತ್ತಾ "ಥೂ, ಊಟದ ಹೊತ್ತಲ್ಲಿ" ಅಂದರು. ಮಾತು ತೆಗೆದಿದ್ದು ಅವರೇ! ಪಕ್ಕದಲ್ಲಿ ನಮ್ಮಮ್ಮನ ಊರಿನ ಒಬ್ಬ ಅಜ್ಜಿ ಕೂತಿದ್ದರು. ಮೊಳಕೈವರೆಗೂ ಹಸಿರು ಹಚ್ಚೆ. ಅವರು ಕೇಳಿದ್ದು ಒಂದೇ: "ಅದು ಯಾರ್ದಂತೆ ಮಗಾ?"

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಗೊತ್ತಿಲ್ಲ ಅಜ್ಜಿ" ಅಂದೆ. ಪ್ರೇಯಸಿಯ ಹೆಸರು ಚರ್ಮದ ಮೇಲಿದೆ, ಚರ್ಮದವನ ಹೆಸರು ಯಾರೂ ಬರೆದಿಟ್ಟಿಲ್ಲ. ಅವನನ್ನು ಕೇಳಿ ತೆಗೆದರು ಅನ್ನೋದಕ್ಕೂ ನಾನು ಓದಿದ್ದರಲ್ಲಿ ಒಂದು ಸಾಲು ಸಿಗಲಿಲ್ಲ.

ಅಜ್ಜಿ ಎಡಗೈಯಿಂದ ಸೆರಗು ಸರಿಸಿ ತಮ್ಮ ಕೈ ನೋಡಿಕೊಂಡರು. "ಸತ್ತಾಗ ಬಳೆ, ಓಲೆ ಎಲ್ಲ ಬಿಚ್ಕೋತಾರೆ. ಹಚ್ಚೆ ಒಂದೇ ಜೊತೆಗೆ ಬರೋದು ಅಂತ ನಮ್ಮವ್ವ ಹಾಕಿಸಿದ್ಳು. ಅವ್ರಿಗೆ ಅದನ್ನೂ ಬಿಡ್ಲಿಲ್ವಾ?"

ಆ ತುಂಡುಗಳಿಗೆ ಸೇರಿದವಳಲ್ಲ, ಆದರೆ ಹೀಗೇ ಚರ್ಮ ತೆಗೆದಿಟ್ಟುಕೊಂಡಿದ್ದ ಒಬ್ಬಳ ಹೆಸರು ನನಗೆ ಗೊತ್ತಿತ್ತು, ಹೇಳಿದೆ. ಮೇರಿ ಲಿಂಚ್. ಅಮೆರಿಕದ ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ 1869ರಲ್ಲಿ ತೀರಿಕೊಂಡಳು, 28 ವರ್ಷ. ಶವ ಕೊಯ್ದ ಡಾಕ್ಟರ್ ಜಾನ್ ಸ್ಟಾಕ್‌ಟನ್ ಹಾಫ್ ತೊಡೆಯ ಚರ್ಮ ತೆಗೆದು ಹದ ಮಾಡಿ ಇಟ್ಟುಕೊಂಡ. ಎಷ್ಟೋ ವರ್ಷ ಬಿಟ್ಟು ಅದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿಸಿದ. ಹೆಂಗಸರ ಆರೋಗ್ಯದ ಪುಸ್ತಕಗಳಿಗೆ. ಅವಳ ಪೂರ್ತಿ ಹೆಸರು ಹೊರಗೆ ಬಂದದ್ದು ಈಚೆಗೆ, ಆ ಪುಸ್ತಕಗಳನ್ನು ಕಾಯುವ ಲೈಬ್ರರಿಯವರು ಹಳೇ ದಾಖಲೆ ಹುಡುಕಿದ್ದರಿಂದ.

"ಮಕ್ಳಿದ್ವಾ?" ಅಂದರು ಅಜ್ಜಿ.

ಅದು ನನಗೆ ಗೊತ್ತಿರಲಿಲ್ಲ.